ಫಾರ್ಮ್ಯಾಟ್ ಆದ ಧಾರೆ

ಸ್ಟುಡಿಯೋ ಮುಚ್ಚಿ ಕೆಲವು ವರ್ಷಗಳಾದವು. ಶಿರಸಿಯ ಆ ಮಳಿಗೆಯಲ್ಲಿ ಈಗ ಮೊಬೈಲಿಗೆ ಕವರು ಮಾರುತ್ತಾರೆ. ಹೊಸದಾಗಿ ಕ್ಯಾಮೆರಾ ಹಿಡಿದವರು ಆಗೀಗ ಮನೆ ಹುಡುಕಿಕೊಂಡು ಬರುತ್ತಾರೆ. ಯಾವ ಲೆನ್ಸ್ ಒಳ್ಳೆಯದು, ಮಂಟಪದ ಹೊಗೆಯಲ್ಲಿ ಬೆಳಕು ಹೇಗೆ ಹಿಡಿಯಬೇಕು ಎಂದು ಕೇಳುತ್ತಾರೆ. ಹೇಳುತ್ತೇನೆ. ಅವರೂ ತಲೆಯಾಡಿಸಿ, ಹೋಗಿ, ತಮಗೆ ತಿಳಿದ ಹಾಗೆಯೇ ಮಾಡುತ್ತಾರೆ. ನಾನೂ ನನ್ನ ಕಾಲದಲ್ಲಿ ಹಾಗೆಯೇ ಮಾಡಿದ್ದು.

ತೆಗೆದ ಫೋಟೋವನ್ನು ಕಳೆದುಕೊಂಡರೆ ಏನು ಮಾಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ತಾವು ಕಳೆಯುವವರಲ್ಲ ಎಂಬ ಧೈರ್ಯ ಅವರಿಗೆ. ಈ ವೃತ್ತಿಯಲ್ಲಿ ಎಷ್ಟು ವರ್ಷ ಇದ್ದೆ, ಸಂಘದವರು ಯಾವ ಶಾಲು ಹೊದೆಸಿದರು ಎಂಬುದನ್ನೆಲ್ಲ ಬರೆಯಲು ಕೂತಿಲ್ಲ. ಶಾಲು ಬೆಚ್ಚಗಿದೆ, ಅಷ್ಟು ಸಾಕು. ಕಳೆದದ್ದನ್ನು ಬರೆಯುತ್ತೇನೆ. ಅದು ಹೆಚ್ಚು ಉಪಯೋಗಕ್ಕೆ ಬಂದೀತು.

ನಾನು ಬನವಾಸಿ ಕಡೆಯವನು. ಮನೆಯಲ್ಲಿ ಕಾಳುಕಡಿಯ ವ್ಯಾಪಾರ. ತಕ್ಕಡಿ ಹಿಡಿದು ಕೂರಲು ಮನಸ್ಸಿಲ್ಲದೆ ತೊಂಬತ್ತರ ದಶಕದ ಆರಂಭದಲ್ಲಿ ಸಿದ್ದಾಪುರದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಮಾಲೀಕರು ಕೊಂಕಣಿ ಮಾತಿನ ಶಾನಭಾಗ ಮಾಮ. ಮಾಮನ ಹತ್ತಿರ ಫೋಟೋಗ್ರಫಿಯ ಬಗ್ಗೆ ಎರಡೇ ಸಿದ್ಧಾಂತಗಳಿದ್ದವು. ಗಿರಾಕಿ ನಗಬಾರದು, ಏಕೆಂದರೆ ನಕ್ಕರೆ ಅಲುಗಾಡುತ್ತಾನೆ. ಎರಡನೆಯದು, ತಪ್ಪು ನಮ್ಮದಾಗಬಾರದು, ಏಕೆಂದರೆ ಹುಬ್ಬಳ್ಳಿಯಲ್ಲಿ ಲ್ಯಾಬ್ ಇದೆ.

ಆಗ ಕಲರ್ ರೋಲುಗಳನ್ನು ತೊಳೆಯಲು ಹುಬ್ಬಳ್ಳಿಗೇ ಕಳಿಸಬೇಕಿತ್ತು. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ರೋಲಿನ ಡಬ್ಬಿ ಕೊಟ್ಟರೆ ಮೂರ್ನಾಲ್ಕು ದಿನದಲ್ಲಿ ಅದೇ ಬಸ್ಸಿನಲ್ಲಿ ಫೋಟೋಗಳು ಬರುತ್ತಿದ್ದವು. ಲ್ಯಾಬಿನವರ ಮುಖವನ್ನು ನಾವಾರೂ ಕಂಡಿರಲಿಲ್ಲ. ಆದರೂ ಪುಣ್ಯಾತ್ಮರು, ಸಿದ್ದಾಪುರ ತಾಲೂಕಿನಲ್ಲಿ ಕಣ್ಣು ಮುಚ್ಚಿದ ಪ್ರತಿ ಮದುಮಗಳ ಪಾಪವನ್ನೂ ಹೊತ್ತರು. ತಲೆ ಕತ್ತರಿಸಿದರೆ ಲ್ಯಾಬ್. ಮುಖ ಹಸಿರಾದರೆ ಲ್ಯಾಬ್. ಮಾಮ ಒಮ್ಮೆ ಫ್ಲ್ಯಾಶ್ ಹಾಕಲು ಮರೆತು ಇಡೀ ಉಪನಯನವನ್ನು ಕತ್ತಲಲ್ಲಿ ತೆಗೆದಿದ್ದರು. ಅದೂ ಲ್ಯಾಬ್.

ನನ್ನ ಮೊದಲ ದೊಡ್ಡ ಪ್ರಮಾದ ಒಬ್ಬ ಹೆಡ್ ಮಾಸ್ತರರ ನಿವೃತ್ತಿಯ ದಿನ ನಡೆಯಿತು. ಸಿದ್ದಾಪುರದ ಹತ್ತಿರದ ಒಂದು ಶಾಲೆ. ಮಾಸ್ತರರು ಕೋಟು ಹಾಕಿ, ಹಾರ ಹಾಕಿಕೊಂಡು, ಮಕ್ಕಳ ನಡುವೆ ಕೂತಿದ್ದರು. ನಾನು ತೆಗೆದೇ ತೆಗೆದೆ. ರೋಲಿನಲ್ಲಿ ಇರುವುದು ಮೂವತ್ತಾರು. ಲೆಕ್ಕದ ಮುಳ್ಳು ಮೂವತ್ತೆಂಟಕ್ಕೆ ಹೋಯಿತು, ನಲವತ್ತಕ್ಕೆ ಹೋಯಿತು. ಕಂಪನಿಯವರು ಧಾರಾಳಿಗಳು ಎಂದುಕೊಂಡೆ. ಸಂಜೆ ಕ್ಯಾಮೆರಾ ತೆರೆದಾಗ ರೋಲು ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಕೊಳ್ಳದೆ ಹಾಕಿದ ಹಾಗೆಯೇ ಕೂತಿತ್ತು. ಒಂದು ಅಂಗುಲವೂ ಸರಿದಿರಲಿಲ್ಲ.

ಮಾಮ ಬೈಯಲಿಲ್ಲ. "ಎಂತ ಮಾರಾಯ, ಅದಕ್ಕೆ ಅಷ್ಟು ಹೆದರುವುದು? ಲ್ಯಾಬಲ್ಲಿ ಕರೆಂಟು ಹೋಗಿ ರೋಲು ಸುಟ್ಟಿತು ಹೇಳು. ಮುಖ ಮಾತ್ರ ಸ್ವಲ್ಪ ಸಣ್ಣ ಮಾಡ್ಕೋ" ಎಂದರು.

ಮುಖ ಸಣ್ಣ ಮಾಡಿಕೊಂಡು ಹೋಗಿ ಹೇಳಿದೆ. ಮಾಸ್ತರರು ನನ್ನ ಬೆನ್ನು ತಟ್ಟಿದರು. "ಲ್ಯಾಬಿನವರ ತಪ್ಪಿಗೆ ನೀವೇನು ಮಾಡ್ತೀರಿ, ಪಾಪ" ಎಂದರು. ಮರುವಾರ ಅದೇ ಕೋಟು ಹಾಕಿಕೊಂಡು ಬಂದು ಮಕ್ಕಳನ್ನು ಸೇರಿಸಿ ಎರಡನೆಯ ಸಲ ನಿವೃತ್ತರಾದರು. ಕೆಲಸ ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಸುಳ್ಳು ಹೇಳುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತೆ.

ಮುಂದೆ ಶಿರಸಿಯಲ್ಲಿ ನನ್ನದೇ ಸ್ಟುಡಿಯೋ ಆಯಿತು. ಹತ್ತು ವರ್ಷ ರೋಲಿನಲ್ಲೇ ಕಳೆಯಿತು. ಆಮೇಲೆ ಡಿಜಿಟಲ್ ಬಂತು. ಕ್ಯಾಮೆರಾ ಮಾರಲು ಬಂದವನು ಬೆರಳಿನ ತುದಿಯಷ್ಟು ಕಾರ್ಡು ತೋರಿಸಿ, "ಇನ್ನು ಸುಡೋದಿಲ್ಲ, ತೊಳೆಯೋದಿಲ್ಲ, ಬಸ್ಸಿಗೆ ಕಾಯೋದಿಲ್ಲ, ಕಳೆದುಹೋಗೋ ಮಾತೇ ಇಲ್ಲ" ಎಂದ. ಅವನು ಹೇಳಿದ ನಾಲ್ಕರಲ್ಲಿ ಮೂರು ನಿಜವಾದವು. ವ್ಯಾಪಾರಸ್ಥರ ಮಟ್ಟಿಗೆ ಇದು ಒಳ್ಳೆಯ ದಾಖಲೆ.

ಅವನು ಹೇಳದೆ ಬಿಟ್ಟ ಒಂದು ಸಂಗತಿ ಎಂದರೆ ಕ್ಯಾಮೆರಾದ ಬೆನ್ನಿನಲ್ಲಿ ಚಿಕ್ಕ ಪರದೆಯಿದೆ ಎಂಬುದನ್ನು ಗಿರಾಕಿಗಳು ಒಂದೇ ವಾರದಲ್ಲಿ ಕಂಡುಹಿಡಿಯುತ್ತಾರೆ ಎನ್ನುವುದು. ಅಲ್ಲಿಂದ ಮುಂದೆ ಫೋಟೋ ತೆಗೆಯುವುದಕ್ಕಿಂತ ತೋರಿಸುವ ಕೆಲಸವೇ ಹೆಚ್ಚಾಯಿತು. ತೆಗೆದವನ ಸುತ್ತ ಹತ್ತು ತಲೆ, ಹವ್ಯಕರ ಮಾತಿನಲ್ಲಿ ಹತ್ತು ದೂರು. "ಎನ್ನದು ಸರಿ ಬಂಜಿಲ್ಲೆ, ಇನ್ನೊಂದು ತೆಗಿ." "ಎನ್ನ ಹೊಟ್ಟೆ ಹೀಂಗೆ ಎಂತಕ್ಕೆ ಕಾಣ್ತು?" ಇದ್ದದ್ದೇ ಕಾಣುತ್ತದೆ ಎಂದು ಹೇಳುವ ಧೈರ್ಯ ಯಾವ ಫೋಟೋಗ್ರಾಫರನಿಗಿದೆ? ಕಸದ ಬುಟ್ಟಿಯ ಚಿತ್ರವಿರುವ ಗುಂಡಿಯೊಂದು ಅಲ್ಲೇ ಇತ್ತು. ಒತ್ತುತ್ತಿದ್ದೆ.

ಮಂಚಿಕೇರಿಯಲ್ಲಿ ಒಂದು ಅರವತ್ತರ ಶಾಂತಿ. ಊಟ ಮುಗಿದ ಮೇಲೆ ಯಜಮಾನರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಒಂದೊಂದೇ ಫೋಟೋ ತೋರಿಸಲು ಹೇಳಿದರು. ಮಾತು ಬಿಟ್ಟ ನೆಂಟರು ಬಂದಾಗಲೆಲ್ಲ ಬೆರಳು ಎತ್ತಿದರು.

"ಇಂವ ಎಂತಕ್ಕೆ? ಬೇಲಿ ಜಗಳಕ್ಕೆ ಕೋರ್ಟಿಗೆ ಹೋದವ. ತೆಗಿ."

"ಇವ್ರು ಯಾರ್ರಿ?"

"ಅವ್ನ ಹೆಂಡ್ತಿ. ಅದನ್ನೂ ತೆಗಿ."

ಹೀಗೆ ತೆಗೆದು ತೆಗೆದು ಕೊನೆಗೆ ಆಲ್ಬಮ್ಮಿನಲ್ಲಿ ಯಜಮಾನರು, ಅವರ ಹೆಂಡತಿ ಮತ್ತು ಪುರೋಹಿತರು ಉಳಿದರು. ಪುರೋಹಿತರನ್ನು ಉಳಿಸಿದ್ದು ಮಂತ್ರ ಹೇಳಿದ್ದಕ್ಕೆ ಸಾಕ್ಷಿ ಬೇಕಲ್ಲ ಎಂದಿರಬೇಕು. ನೂರಾರು ಜನ ಉಂಡು ಹೋದ ಸಮಾರಂಭ ಫೋಟೋದಲ್ಲಿ ಮೂರು ಜನರ ಏಕಾಂತ ಪೂಜೆಯಾಗಿತ್ತು. ನಾನು ಇದನ್ನು ಗೆಳೆಯರಿಗೆಲ್ಲ ಹೇಳಿ ನಗುತ್ತಿದ್ದೆ. ಗುಂಡಿ ಒತ್ತಿದ ಬೆರಳು ನನ್ನದು ಎಂಬುದು ಆ ನಗೆಯಲ್ಲಿ ಸೇರಿರಲಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಡಿಜಿಟಲ್ ಕೊಂಡು ಒಂದೆರಡು ವರ್ಷವಾಗಿತ್ತು. ದೊಡ್ಮನೆ ಸಮೀಪದ ಒಂದು ಹಳ್ಳಿಯಲ್ಲಿ ಮದುವೆ. ಹುಡುಗಿ ಸುಮಾ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗಂಡಿನ ಕಡೆಯವರು ಯಲ್ಲಾಪುರದವರು. ಸುಮಾಳ ತಂದೆ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಹೀಗಾಗಿ ಧಾರೆ ಎರೆಯಲು ನಿಂತವರು ಅವಳ ದೊಡ್ಡಪ್ಪ ಗಣಪತಿ ಹೆಗಡೆಯವರು ಮತ್ತು ಅವರ ಹೆಂಡತಿ. ಮದುವೆಯ ಖರ್ಚು, ಓಡಾಟ, ಅಧಿಕಾರ ಎಲ್ಲ ದೊಡ್ಡಪ್ಪನದೇ. ಕೆಟ್ಟವರಲ್ಲ. ತಾವು ಕೆಟ್ಟವರಲ್ಲ ಎಂಬುದನ್ನು ಎಲ್ಲರೂ ನೋಡುತ್ತಿರಬೇಕು ಎಂಬ ಒಂದು ಆಸೆ ಇತ್ತು, ಅಷ್ಟೆ.

ಸುಮಾಳ ತಾಯಿ ಭಾಗೀರಥಮ್ಮ. ವಿಧವೆ ಮಂಟಪದ ಹತ್ತಿರ ಸುಳಿಯಬಾರದು ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಆಕೆಗೆ ಬೆಳಗಿನಿಂದ ಅಡುಗೆಮನೆಯಲ್ಲಿ ಎಷ್ಟು ಕೆಲಸ ಹಚ್ಚಿದ್ದರೆಂದರೆ ಮಗಳ ಮದುವೆ ಎಂದು ನೆನಪಾಗುವುದಕ್ಕೂ ಬಿಡುವಿರಲಿಲ್ಲ.

ಮುಹೂರ್ತಕ್ಕೆ ಸ್ವಲ್ಪ ಮೊದಲು ನನ್ನ ಮೊದಲ ಕಾರ್ಡು ತುಂಬಿತು. ಎರಡನೆಯದನ್ನು ಹಾಕಿಕೊಂಡೆ. ಆ ಕಾರ್ಡಿನ ಮೊದಲ ಫೋಟೋದಿಂದಲೇ ಧಾರೆ ಶುರು. ದೊಡ್ಡಪ್ಪ ನೀರು ಬಿಟ್ಟದ್ದನ್ನು ಎಲ್ಲ ಕಡೆಯಿಂದ ಹಿಡಿದು ಅರವತ್ತು ಫೋಟೋ. ಆಮೇಲೆ ಅಕ್ಷತೆ ಬೀಳುವಾಗ ಜನರ ಮುಖ ಹಿಡಿಯೋಣ ಎಂದು ಹಿಂದಕ್ಕೆ ತಿರುಗಿದೆ. ಅಡುಗೆಮನೆಯ ಬಾಗಿಲಿನ ಪಕ್ಕದಲ್ಲಿ ಭಾಗೀರಥಮ್ಮ ನಿಂತಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಿದ್ದರು, ಇನ್ನೊಂದು ಮುಷ್ಟಿಯಲ್ಲಿ ಅಕ್ಷತೆ ಇತ್ತು. ಎಲ್ಲರೂ ಹಾಕಿದರು. ಆಕೆ ಹಾಕಲಿಲ್ಲ. ಮಗಳ ಕಡೆಗೆ ನೋಡುತ್ತ, ಮುಷ್ಟಿಯನ್ನು ಎದೆಯ ಹತ್ತಿರ ಹಿಡಿದುಕೊಂಡು ನಿಂತೇ ಇದ್ದರು. ಹೊರಗಿನ ಬೆಳಕು ಅರ್ಧ ಮುಖಕ್ಕೆ ಬಿದ್ದಿತ್ತು. ನಾಲ್ಕು ಫೋಟೋ ತೆಗೆದೆ. ಒಳ್ಳೆಯ ಫೋಟೋ ಬಿದ್ದಾಗ ಫೋಟೋಗ್ರಾಫರನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಊಟವಾದ ಮೇಲೆ ದೊಡ್ಡಪ್ಪ ಬಂದು, "ಹೇಂಗೆ ಬೈಂದು, ತೋರ್ಸು" ಎಂದರು. ಎಲೆ ಎತ್ತುವ ಗಡಿಬಿಡಿ, ಅಡುಗೆಮನೆಯ ಪಕ್ಕದ ಓಣಿಯಲ್ಲಿ ನಿಂತು ತೋರಿಸಿದೆ. ತಾವು ಬಂದಾಗಲೆಲ್ಲ "ಅಡ್ಡಿಲ್ಲೆ" ಎಂದರು. ಬಾಗಿಲಿನ ಫೋಟೋ ಬಂತು. ಅವರ ಮುಖ ಬಿಗಿಯಿತು.

"ಇದು ಎಂತಕ್ಕೆ? ಶುಭಕಾರ್ಯದ ಆಲ್ಬಮ್ಮಲ್ಲಿ ಇದು ಬಪ್ಪಲಾಗ. ಗಂಡಿನ ಕಡೆಯವ್ವು ನೋಡಿದ್ರೆ ಎಂತ ಹೇಳ್ಗು? ತೆಗ್ದುಹಾಕು."

"ಆಲ್ಬಮ್ಮಿಗೆ ಹಾಕೂದಿಲ್ರಿ, ಕಾರ್ಡಿನಾಗ ಇರ್ಲಿ ಬಿಡ್ರಿ" ಎಂದು ಹೇಳಬಹುದಿತ್ತು. ಹೇಳಲಿಲ್ಲ. ಒತ್ತಿದೆ. ಖಂಡಿತವಾಗಿಯೂ ಅಳಿಸಬೇಕೇ ಎಂದು ಕ್ಯಾಮೆರಾ ಕೇಳಿತು. ಹೌದು ಎಂದೆ. ನಾಲ್ಕು ಫೋಟೋ, ನಾಲ್ಕು ಸಲ ಕೇಳಿತು, ನಾಲ್ಕು ಸಲ ಹೌದು ಎಂದೆ. ಎಲ್ಲಿಯೋ ಜಪಾನಿನಲ್ಲಿ ಹುಟ್ಟಿದ ಯಂತ್ರಕ್ಕೆ ಅಷ್ಟಾದರೂ ಸಂಕೋಚವಿತ್ತು.

ಮನೆಗೆ ಬಂದಾಗ ಶಿರಸಿಯಲ್ಲಿ ಕರೆಂಟಿರಲಿಲ್ಲ. ಕಂಪ್ಯೂಟರಿಗೆ ಫೋಟೋ ಹಾಕಿಕೊಳ್ಳಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಕರೆಂಟಿತ್ತು, ನನಗೆ ಸಮಯವಿರಲಿಲ್ಲ. ಇಡಗುಂದಿಯಲ್ಲಿ ಒಂದು ಕಟ್ಟಡದ ಉದ್ಘಾಟನೆ, ಮುಖಂಡರೊಬ್ಬರು ಬರುವವರಿದ್ದರು. ಮುಖಂಡರು ಎಂದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಆದರೆ ಫೋಟೋಗ್ರಾಫರ್ ಬರಬೇಕು. ಅಂಗಿಯ ಜೇಬಿನಲ್ಲಿ ಮೂರು ಕಾರ್ಡುಗಳಿದ್ದವು. ಮೂರೂ ಒಂದೇ ಕಂಪನಿಯವು, ಒಂದೇ ಬಣ್ಣದವು. ಗುರುತು ಹಾಕಬೇಕು ಎಂದು ತಿಂಗಳುಗಟ್ಟಲೆ ಅಂದುಕೊಂಡಿದ್ದೆ. ಒಂದನ್ನು ತೆಗೆದು ಹಾಕಿದೆ, ಖಾಲಿ ಮಾಡಲು ಫಾರ್ಮ್ಯಾಟ್ ಒತ್ತಿದೆ. ಆಗಲೂ ಕ್ಯಾಮೆರಾ ಕೇಳಿತು. ಅದಕ್ಕೆ ಉತ್ತರ ಕೊಡುವ ಅಭ್ಯಾಸ ನನಗೆ ಚೆನ್ನಾಗಿ ಆಗಿತ್ತು.

ಮುಖಂಡರು ಬಂದರು. ರೇಷ್ಮೆ ಪೇಟ ತೊಡಿಸಿದರು, ಹಾರ ಹಾಕಿದರು. ರಿಬ್ಬನ್ ಕತ್ತರಿಸಿದರು, ಸರಿಯಾಗಿ ಬಂತೋ ಇಲ್ಲವೋ ಎಂದು ಅನುಮಾನವಾಗಿ ಕತ್ತರಿಸಿದ ರಿಬ್ಬನ್ನನ್ನು ಜೋಡಿಸಿ ಹಿಡಿಸಿ ಮತ್ತೆ ಕತ್ತರಿಸಿದರು. ಅಷ್ಟರಲ್ಲಿ ಹಿಂದಿನ ದಿನ ಮದುವೆಗೆ ಬಂದಿದ್ದ ಯಲ್ಲಾಪುರದವರೊಬ್ಬರು ಹತ್ತಿರ ಬಂದು, "ನಿನ್ನೆದು ಹೇಂಗೆ ಬೈಂದು? ತೋರ್ಸಿ ನೋಡನ" ಎಂದರು. ಹಿಂದಕ್ಕೆ ಒತ್ತುತ್ತ ಹೋದೆ. ಹಾರ, ಪೇಟ, ರಿಬ್ಬನ್, ಮತ್ತೆ ರಿಬ್ಬನ್. ಅದರ ಹಿಂದೆ ಏನೂ ಇಲ್ಲ. ಜೇಬಿನ ಉಳಿದ ಕಾರ್ಡುಗಳನ್ನು ಹಾಕಿ ನೋಡಿದೆ. ಒಂದರಲ್ಲಿ ಮುಹೂರ್ತದವರೆಗಿನ ಮದುವೆ. ಇನ್ನೊಂದು ಖಾಲಿ. ಏನಾಯಿತೆಂದು ನಂಬದೆ ಮುಖಂಡರಿದ್ದ ಕಾರ್ಡನ್ನೇ ಮತ್ತೆ ಹಾಕಿ, ಕೆಲಸ ಮಾಡುತ್ತದೋ ನೋಡೋಣವೆಂದು ಮುಖಂಡರ ಇನ್ನೊಂದು ಫೋಟೋ ತೆಗೆದೆ. ತೆಗೆದ ಕ್ಷಣದಲ್ಲೇ, ಇದರ ಮೇಲೆ ಮತ್ತೆ ತೆಗೆಯಬಾರದಿತ್ತು ಎಂದು ಹೊಳೆದು, ಇನ್ನೂ ಬರೆಯುತ್ತಿದ್ದೇನೆ ಎಂದು ಕೆಂಪು ದೀಪ ಮಿನುಗುತ್ತಿರುವಾಗಲೇ ಕಾರ್ಡನ್ನು ಎಳೆದುಬಿಟ್ಟೆ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. "ಬಿಸ್ಲು ಜೋರಿದ್ದು ಅಲ್ದ" ಎಂದರು ಪಕ್ಕದವರು.

ಯಲ್ಲಾಪುರದಲ್ಲಿ ಅಲ್ತಾಫ್ ಎಂಬವನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ನನಗಿಂತ ಹದಿನೈದು ವರ್ಷ ಚಿಕ್ಕವನು. ಫೋಟೋ ಸರಿಪಡಿಸುವುದನ್ನು ನನಗೆ ಕಲಿಸಿದವನೇ ಅವನು. ಗುರು ಎನ್ನಲು ನನ್ನ ಬಿಗುಮಾನ ಬಿಡುತ್ತಿರಲಿಲ್ಲ. ಅಲ್ಲಿಂದ ನೇರವಾಗಿ ಅವನಲ್ಲಿಗೇ ಹೋದೆ.

"ಫಾರ್ಮ್ಯಾಟ್ ಮಾಡಿದ್ರೆ ಫೋಟೋ ಹೋಗಲ್ಲ ಸಾರ್" ಎಂದ. "ಪುಸ್ತಕದ ಮೊದಲಲ್ಲಿ ಯಾವ ಪಾಠ ಯಾವ ಪುಟದಲ್ಲಿದೆ ಅಂತ ಇರತ್ತಲ್ಲ, ಅದನ್ನ ಮಾತ್ರ ಹರಿದುಹಾಕತ್ತೆ. ಪಾಠ ಒಳಗೆ ಹಾಗೇ ಇರತ್ತೆ. ಒಂದೊಂದೇ ಅಳಿಸಿದ್ರೂ ಅಷ್ಟೇ. ಅದರ ಮೇಲೆ ಬೇರೆ ಏನೂ ಬರೀಬಾರದು, ಅಷ್ಟೇ. ನೀವು ಬರೆದಿಲ್ಲ ತಾನೇ?"

"ಬರ್ದೇನಿ."

"ಎಷ್ಟು?"

"ಅರವತ್ತು. ಪೇಟ, ಹಾರ, ರಿಬ್ಬನ್."

"ಯಾ ಅಲ್ಲಾ" ಎಂದು ಅಲ್ತಾಫ್ ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡ, ಮಗುವಿನ ಕೈಯಿಂದ ಬ್ಲೇಡು ತೆಗೆದುಕೊಳ್ಳುವ ಹಾಗೆ. ಮರುದಿನ ಬರಲು ಹೇಳಿದ.

ಅಷ್ಟರೊಳಗೆ ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸಬೇಕಿತ್ತು. ಹುಬ್ಬಳ್ಳಿಯ ಲ್ಯಾಬು ಈಗ ನೆರವಿಗೆ ಬರುವಂತಿರಲಿಲ್ಲ. ಕಾಲಕ್ಕೆ ತಕ್ಕ ಹಾಗೆ ಸುಳ್ಳೂ ಡಿಜಿಟಲ್ ಆಗಬೇಕು. ದೊಡ್ಡಪ್ಪನಿಗೆ ಫೋನು ಮಾಡಿ, "ಕಾರ್ಡಿಗೆ ವೈರಸ್ ಬಂದೈತ್ರಿ" ಎಂದೆ. ಅವರು ವೈರಸ್ಸನ್ನು ಒಂದು ಕ್ಷಣ ಗೌರವದಿಂದ ಕೇಳಿಸಿಕೊಂಡು, ಆಮೇಲೆ, "ಧಾರೆ?" ಎಂದರು. ಅದೇ ಎಂದೆ. "ಇಷ್ಟು ವರ್ಷ ಆ ಹುಡುಗಿನ್ನ ಸಾಕಿ ಒಂದು ಧಾರೆ ಎರದಿ. ಅದರ ಒಂದು ಫೋಟೋ ಇಲ್ಲೆ ಹೇಳ್ತ್ಯನ ನೀನು?" ಎಂದರು. ಆ ಒಂದು ಕ್ಷಣ ಅವರನ್ನು ಲೇವಡಿ ಮಾಡಲು ನನಗೂ ಆಗಲಿಲ್ಲ.

ಮರುದಿನ ನಾನು ಅಲ್ತಾಫನ ಕ್ಲಾಸಿಗೆ ಹೋದಾಗ ದೊಡ್ಡಪ್ಪ ಮೊದಲೇ ಬಂದು ಕೂತಿದ್ದರು. ಯಲ್ಲಾಪುರದಲ್ಲೇ ಇದ್ದ ಸುಮಾಳನ್ನೂ ಕರೆಸಿದ್ದರು. ಅವಳು ನನ್ನನ್ನು ನೋಡಿ ಮೊದಲು ಕೇಳಿದ್ದೇ, "ಕ್ಯಾಮೆರಾದ ಕಾರ್ಡಿಗೆ ವೈರಸ್ ಎಲ್ಲಿಂದ ಬತ್ತು ಮಾವಾ?" ಎಂದು.

ವಿಜ್ಞಾನದ ಟೀಚರು. ಇಂಥವರು ಗಿರಾಕಿಗಳಾದರೆ ವೃತ್ತಿ ಮಾಡುವುದು ಕಷ್ಟ. "ಗಾಳಿಯಾಗೂ ಬರ್ತಾವ ಅಂತಾರವ್ವ" ಎಂದೆ. ಅಲ್ತಾಫ್ ಕೆಮ್ಮಿದ.

ಒಂದು ಸಾಫ್ಟ್‌ವೇರು ಹಾಕಿ ಬೆಳಿಗ್ಗೆಯಿಂದಲೇ ಕಾರ್ಡನ್ನು ಜಾಲಾಡಿಸುತ್ತಿದ್ದ. ಫೋಟೋಗಳು ಹಿಂದುಮುಂದಾಗಿ, ಹೆಸರಿಲ್ಲದೆ, ಒಂದೊಂದಾಗಿ ಪರದೆಯ ಮೇಲೆ ಏಳತೊಡಗಿದವು. ಮೊದಲು ಬಂದವರು ಮದುವೆಯವರಲ್ಲ, ಮಂಚಿಕೇರಿಯವರು. ಆ ಅರವತ್ತರ ಶಾಂತಿಯನ್ನು ಅದೇ ಕಾರ್ಡಿನಲ್ಲಿ ತೆಗೆದಿದ್ದೆ. ಕಾರ್ಡಿನ ಕೊನೆಯ ಭಾಗಕ್ಕೆ ಆಮೇಲೆ ಯಾವ ಸಮಾರಂಭವೂ ತಲುಪಿರಲಿಲ್ಲ. ಬೇಲಿ ಜಗಳದವನು ಬಂದ. ಅವನ ಹೆಂಡತಿ ಬಂದಳು. ಮಾತು ಬಿಟ್ಟ ನೆಂಟರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದರು. "ಇವ್ವೆಲ್ಲ ಎನ್ನ ಮದುವೆಗೆ ಬಂದಿದ್ವ?" ಎಂದು ಸುಮಾ ಕೇಳಿದಳು.

ಆಮೇಲೆ ಮದುವೆ ಬಂತು. ಸಪ್ತಪದಿ ಇತ್ತು, ಅರುಂಧತಿ ದರ್ಶನ ಇತ್ತು, ಊಟದ ಪಂಕ್ತಿಗಳೆಲ್ಲ ಇದ್ದವು. ಧಾರೆ ಮಾತ್ರ ಇರಲಿಲ್ಲ. ಕಾರ್ಡಿನ ಮೊದಲ ಅರವತ್ತರ ಜಾಗದಲ್ಲಿ ಮುಖಂಡರು ಭದ್ರವಾಗಿ ಕೂತಿದ್ದರು. ಅಂಥವರನ್ನು ಎಬ್ಬಿಸುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಧಾರೆಯದೆಂದು ಸಿಕ್ಕಿದ್ದು ಒಂದೇ. ನಾನು ಗಾಬರಿಯಲ್ಲಿ ಕಾರ್ಡು ಎಳೆದಾಗ ಮುಖಂಡರ ಕೊನೆಯ ಫೋಟೋ ಅರ್ಧಕ್ಕೇ ನಿಂತಿತ್ತು. ಉಳಿದರ್ಧದಲ್ಲಿ ಹಳೆಯದು ಹಾಗೇ ಇತ್ತು. ಮೇಲುಗಡೆ ಪೇಟ ತೊಟ್ಟ ಮುಖಂಡರ ಮುಖ, ಕೆಳಗಡೆ ತುಸು ಪಕ್ಕಕ್ಕೆ ಸರಿದು ಹಸಿರುಗಟ್ಟಿದ ಮದುಮಗಳ ಕೈ, ತಂಬಿಗೆ, ನೀರು. ಮುಖಂಡರು ಖುದ್ದಾಗಿ ಧಾರೆ ಎರೆಯುತ್ತಿದ್ದರು.

ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. "ಧಾರೆ ಎರದ್ದು ಆನು. ಇಂವ ಯಾರ ಕಡೆಯಿಂದ ಬಂದ?"

ಸುಮಾಳಿಗೆ ನಗು ತಡೆಯಲಾಗಲಿಲ್ಲ. ಅಲ್ತಾಫ್ ಗೋಡೆಯ ಕಡೆಗೆ ತಿರುಗಿದ. ದೊಡ್ಡಪ್ಪನಿಗೆ ಮಾತ್ರ ಇದರಲ್ಲಿ ನಗುವಂಥದ್ದು ಕಾಣಲಿಲ್ಲ. ಅವರಿಗೆ ಒಂದು ಉಪಾಯ ಹೊಳೆಯಿತು. ಇನ್ನೊಮ್ಮೆ ಸೀರೆ ಉಡಿಸಿ, ತಂಬಿಗೆ ಹಿಡಿಸಿ, ಸ್ಟುಡಿಯೋದಲ್ಲೇ ಧಾರೆ ತೆಗೆಸುವುದು. ಅಲ್ಲಿಂದಲೇ ತಮ್ಮ ಪುರೋಹಿತರಿಗೆ ಫೋನು ಮಾಡಿದರು. ಪುರೋಹಿತರು ಹೇಳಿದ್ದು ಫೋನಿನ ಹೊರಗೂ ಕೇಳಿಸಿತು: "ಕೊಟ್ಟ ಹೆಣ್ಣನ್ನ ಮತ್ತೆ ಕೊಡಲೆ ಅದು ನಿನ್ನತ್ರ ಎಲ್ಲಿದ್ದು ಗಣಪತಿ? ಈಗ ಎರೆಯವು ಹೇಳಾದ್ರೆ ಅದರ ಗಂಡನೇ ಎರೆಯಕ್ಕು!" ದೊಡ್ಡಪ್ಪ ಫೋನು ಕೆಳಗಿಟ್ಟರು.

ಅಷ್ಟರಲ್ಲಿ ಪರದೆಯ ಮೇಲೆ ಬಾಗಿಲು ಬಂತು.

ನಾಲ್ಕೂ ಬಂದವು. ಅರವತ್ತರ ನಂತರ ತೆಗೆದದ್ದರಿಂದ ಮುಖಂಡರು ಅಲ್ಲಿಯವರೆಗೆ ಬಂದಿರಲಿಲ್ಲ. ಮಂಟಪದಲ್ಲಿ ನಡೆದದ್ದೆಲ್ಲ ಹೋಗಿ, ಅದನ್ನು ನೋಡುತ್ತ ನಿಂತ ಮುಖ ಉಳಿದಿತ್ತು. ಸುಮಾ ನಗುವುದನ್ನು ನಿಲ್ಲಿಸಿದಳು. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಇದು ಯಾವಾಗ?"

"ಅಕ್ಷತೆ ಬೀಳೂವಾಗ" ಎಂದೆ.

"ಆಯಿ ಅಲ್ಲಿ ಇತ್ತು ಹೇಳಿ ಎಂಗೆ ಗೊತ್ತೇ ಇಲ್ಲೆ" ಎಂದಳು. ಪರದೆಯಿಂದ ಕಣ್ಣು ತೆಗೆಯದೆ, "ಆನು ಆ ಕಡೆ ಮುಖ ಮಾಡಿ ಹುಡುಕಿದ್ದಿ. ಜನ ಅಡ್ಡ ಇದ್ದಿದ್ದ" ಎಂದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟಳು. "ಧಾರೆ ಪುಟಕ್ಕೆ ಇದನ್ನೇ ಹಾಕಿ ಮಾವಾ. ದೊಡ್ಡದು ಮಾಡಿ."

ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ಕೀಬೋರ್ಡಿನ ಕಡೆ ನೋಡಿದೆ. ಅಳಿಸು ಎಂದು ಹೇಳಿದವರು, ಅಳಿಸಿದವನು, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಅವರು ಬಾಯಿ ಬಿಟ್ಟರೆ ತಮ್ಮದೇ ಮಾತು ಹೊರಗೆ ಬರುತ್ತದೆ. ನಾನು ಬಿಟ್ಟರೂ ಅಷ್ಟೆ.

"ತಂಗೀ, ಆಲ್ಬಮ್ಮು ನಾಲ್ಕು ಜನ ನೋಡದು" ಎಂದರು ಕೊನೆಗೆ, ಮೆಲ್ಲಗೆ.

"ನೋಡ್ಲಿ ದೊಡ್ಡಪ್ಪ. ನೋಡಲೆ ಹೇಳಿಯೇ ಅಲ್ದ ಆಲ್ಬಮ್ಮು" ಎಂದಳು ಸುಮಾ. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ದೊಡ್ಡಪ್ಪ ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆಗೇ ನಡೆದು ಬಂದರು. ಬಸ್ಸು ಬರುವವರೆಗೂ ಇಬ್ಬರೂ ಹವೆಯ ಬಗ್ಗೆ ಮಾತಾಡಿದೆವು.

ಆಲ್ಬಮ್ಮು ಸಿದ್ಧವಾಗಲು ಒಂದು ತಿಂಗಳು ಹಿಡಿಯಿತು. ಕೊಡಲು ನಾನೇ ಹೋದೆ. ದೊಡ್ಡಪ್ಪ ಪೇಟೆಗೆ ಹೋಗಿದ್ದರು. ನಾನು ಬರುವ ದಿನ ಅವರಿಗೆ ಪೇಟೆಯಲ್ಲಿ ಕೆಲಸ ಬಿದ್ದದ್ದು ಆಕಸ್ಮಿಕವೆಂದೇ ಇಟ್ಟುಕೊಳ್ಳೋಣ. ಭಾಗೀರಥಮ್ಮ ಒಬ್ಬರೇ ಇದ್ದರು. ಕೈ ತೊಳೆದು ಬಂದು, ಜಗಲಿಯ ಮೇಲೆ ಕೂತು, ಆಲ್ಬಮ್ಮನ್ನು ಮಡಿಲಲ್ಲಿಟ್ಟುಕೊಂಡು ತೆರೆದರು. ಆ ಪುಟ ಬಂತು. ಬೆರಳಿನಿಂದ ಮುಟ್ಟಲಿಲ್ಲ. ನೋಡಿದರು.

"ಇದನ್ನ ಅಳ್ಸಿದ್ರಿ ಅಲ್ದ?"

ಮಾಮನ ಪಾಠ ತಾನಾಗಿಯೇ ನಾಲಿಗೆಗೆ ಬಂತು. "ಹೌದ್ರಿ ಅಮ್ಮಾ, ಆ ಕಾರ್ಡು ಕೆಟ್ಟು ಎಲ್ಲಾನೂ ಹೋಗಿತ್ತು. ಕಂಪ್ಯೂಟರಿನಾಗ..."

"ಅದಲ್ಲ. ಮದುವೆ ದಿನವೇ ಅಳ್ಸಿದ್ರಿ. ಎಲೆ ಎತ್ತುವಾಗ, ಓಣಿಲಿ ನಿಂತು."

ನಾನು ಆಲ್ಬಮ್ಮು ತಂದ ಚೀಲವನ್ನು ಮಡಿಸತೊಡಗಿದೆ.

"ಭಾವ ಹೇಳ್ದ" ಎಂದೆ ಆಮೇಲೆ. ಮಾತು ತಪ್ಪಿ ಅವರ ಸಂಬಂಧವನ್ನೇ ನಾನೂ ಬಳಸಿಬಿಟ್ಟಿದ್ದೆ. "ಅಂದ್ರ, ನಿಮ್ಮ ಭಾವನೋರು ತೆಗೀರಿ ಅಂದ್ರು."

"ಭಾವ ಹೇಳಿದ್ದು ಎಂಗೆ ಗೊತ್ತಿದ್ದು. ಬಾಗಿಲ ಹಿಂದೆ ಪಾತ್ರೆ ಹಿಡ್ಕಂಡು ನಿಂತಿದ್ದಿ, ಎಲ್ಲ ಕೇಳ್ತು. ಭಾವ ಹೇಳುವವನೇ, ಅವಂಗೆ ಅವನದೇ ಒಂದು ಲೆಕ್ಕ." ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳುತ್ತಿದ್ದರು. "ಆನು ಕೇಳಿದ್ದು ನಿಮ್ಮತ್ರ. ನೀವು ಎಂತಕ್ಕೆ ಅಳ್ಸಿದ್ರಿ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಲ್ಯಾಬಿಲ್ಲ, ಕರೆಂಟಿಲ್ಲ, ವೈರಸ್ಸಿಲ್ಲ. ತಯಾರಿದ್ದ ಉತ್ತರಗಳೆಲ್ಲ ಮುಗಿದಿದ್ದವು. ಕುಡಿಯಲು ಕೊಟ್ಟಿದ್ದ ನೀರು ಮುಗಿಸಿದೆ.

"ನನಗ ಸಲೀಸಾತ್ರಿ ಅಮ್ಮಾ" ಎಂದೆ. "ಬ್ಯಾಡ ಅನ್ನೂದು ಕಷ್ಟಿತ್ತು. ಒತ್ತೂದು ಸಲೀಸಿತ್ತು. ಅದಕ್ಕ ಅಳಿಸಿದ್ನಿ. ಫೋಟೋ ಚೊಲೊ ಬಂದಿತ್ತು, ಅದು ನನಗ ಗೊತ್ತಿತ್ತು."

ಆಕೆ "ಹಾಂಗೆ ಹೇಳಿ" ಎಂದರು. ಬೈಗುಳವೂ ಇಲ್ಲ, ಕ್ಷಮೆಯೂ ಇಲ್ಲ. ಉತ್ತರ ಸಿಕ್ಕಿತು, ಅಷ್ಟೆ.

ನಾನು ಹೊರಡಲು ಎದ್ದೆ. "ಕೂತ್ಕಳಿ, ಇನ್ನೂ ಮುಗದ್ದಿಲ್ಲೆ" ಎಂದು ಪುಟ ತಿರುಗಿಸಿದರು. ಊಟದ ಪಂಕ್ತಿಯ ಫೋಟೋಗಳು. ಒಬ್ಬೊಬ್ಬರ ಮೇಲೆ ಬೆರಳಿಟ್ಟು ನನಗೆ ಪರಿಚಯ ಹೇಳತೊಡಗಿದರು. ಇವರು ತವರಿನ ಕಡೆಯ ಅತ್ತೆ, ಮೊಣಕಾಲು ನೋವಿದ್ದರೂ ಬಂದಿದ್ದರು. ಇವರು ಸುಮಾಳಿಗೆ ಅಕ್ಷರ ಕಲಿಸಿದ ಮಾಸ್ತರರು. ಇವರಿಗೆ ಪಾಯಸ ಎಂದರೆ ಪ್ರೀತಿ, ಎರಡನೆಯ ಸಲ ಬಡಿಸಲು ಯಾರಿಗೂ ತೋಚಲಿಲ್ಲವಲ್ಲ. ಮದುವೆಯ ದಿನ ಆಕೆ ಇವರಲ್ಲಿ ಯಾರನ್ನೂ ಎದುರುಗೊಂಡಿರಲಿಲ್ಲ, ಬನ್ನಿ ಎಂದಿರಲಿಲ್ಲ. ಕೊನೆಯ ಪಂಕ್ತಿಯ ಕೊನೆಯ ಮನುಷ್ಯನವರೆಗೂ ಹೇಳಿದರು. ನಾನು ಪಕ್ಕದಲ್ಲಿ ಕೂತು ಒಬ್ಬೊಬ್ಬರಿಗೂ ಹೂಂಗುಟ್ಟಿದೆ.